ದೀಪಾವಳಿಗೆ ಒಬ್ಬೊಬ್ಬರಿಗೂ ಒಂದೊಂದು ಡಬ್ಬಿ: ಕರದಂಟು, ಶೇಂಗಾ ಹೋಳಿಗೆ, ಕುಂದಾ ಮನೆಯಲ್ಲೇ ಮಾಡಿ ಕೊಡುವ ಬಗೆ

ಬಾಗಲಕೋಟೆಯ ನಮ್ಮ ಮನೆಯಿಂದ ದೀಪಾವಳಿಗೆ ಬಳಗದ ಪ್ರತಿ ಮನೆಗೂ ಒಂದು ಕಿಲೋ ಸಿಹಿಯ ಪೊಟ್ಟಣ ಹೋಗುವುದು ಬಹಳ ವರ್ಷಗಳ ರೂಢಿಯಾಗಿತ್ತು. ಹಬ್ಬ ಕಳೆದು ಹತ್ತು ದಿನಕ್ಕೆ ಅದೇ ಮನೆಗೆ ಹೋದರೆ ಕಪಾಟಿನ ಮೂಲೆಯಲ್ಲಿ ಅರ್ಧ ಉಳಿದ ಪೊಟ್ಟಣ ಕಾಣುತ್ತಿತ್ತು. ಮಕ್ಕಳು ಗೋಡಂಬಿ ಹೆಚ್ಚಿರುವ ತುಂಡುಗಳನ್ನು ಮೊದಲ ದಿನವೇ ಆರಿಸಿ ತಿಂದಿರುತ್ತಿದ್ದರು, ಅಜ್ಜಿಯ ಪಾಲಿಗೆ ಹಲ್ಲಿಗೆ ಬಗ್ಗದ ಗಟ್ಟಿ ತುಂಡುಗಳು ಉಳಿದಿರುತ್ತಿದ್ದವು, ಊಟ ಬಡಿಸುವ ಅತ್ತಿಗೆಗೆ ಅದರ ರುಚಿಯೇ ಗೊತ್ತಿರುತ್ತಿರಲಿಲ್ಲ. ಮನೆಗೆ ಒಂದು ಪೊಟ್ಟಣ ಎಂದು ಕೊಟ್ಟದ್ದು ಯಾರ ಪಾಲೂ ಆಗುವುದಿಲ್ಲ ಎಂಬುದು ತಿಳಿದ ಮೇಲೆ, ಒಬ್ಬೊಬ್ಬರ ಹೆಸರಿನಲ್ಲಿ ಒಂದೊಂದು ಸಣ್ಣ ಡಬ್ಬಿ ಕಟ್ಟಲು ಆರಂಭಿಸಿದೆವು. ಡಬ್ಬಿ ಚಿಕ್ಕದು, ಒಳಗಿರುವುದು ಎರಡು ಮೂರು ದಿನಕ್ಕಾಗುವಷ್ಟು ಮಾತ್ರ. ಆದರೆ ಅದು ಅವರದೇ.

ಹೀಗೆ ಮಾಡಲು ಅಡುಗೆಯ ಲೆಕ್ಕವೇ ಬದಲಾಗಬೇಕಾಗುತ್ತದೆ. ತಟ್ಟೆಯಲ್ಲಿ ಹರಡಿ ಕತ್ತರಿಸುವ ಸಿಹಿಯ ಪಾಕ ಬೇರೆ, ಒಂದೊಂದಾಗಿ ಕಟ್ಟಿ ಕಾಗದದಲ್ಲಿ ಸುತ್ತುವ ಸಿಹಿಯ ಪಾಕ ಬೇರೆ. ಆದ್ದರಿಂದ ಪಾತ್ರೆ ಹಿಡಿಯುವ ಮೊದಲು ಕಾಗದ ಪೆನ್ನು ಹಿಡಿಯುವುದು ಒಳ್ಳೆಯದು.

ಯಾರಿಗೆ, ಎಷ್ಟು ದೂರಕ್ಕೆ

ಪಟ್ಟಿಯಲ್ಲಿ ಪ್ರತಿ ಹೆಸರಿನ ಮುಂದೆ ಮೂರು ಸಂಗತಿಗಳನ್ನು ಬರೆಯಿರಿ: ಡಬ್ಬಿ ಅವರ ಕೈ ಸೇರಲು ಎಷ್ಟು ಹೊತ್ತು ಬೇಕು, ಅವರ ಹಲ್ಲು ಮತ್ತು ಆರೋಗ್ಯ ಹೇಗಿದೆ, ಅವರ ಮನೆಯಲ್ಲಿ ಫ್ರಿಜ್ ಇದೆಯೇ. ಯಾವ ಸಿಹಿ ಯಾರಿಗೆ ಎಂಬುದನ್ನು ಈ ಮೂರೇ ತೀರ್ಮಾನಿಸುತ್ತವೆ. ಹಾಸ್ಟೆಲಿನಲ್ಲಿ ಓದುವ ಅಳಿಯನಿಗೆ ಕರದಂಟು ಮತ್ತು ಶೇಂಗಾ ಹೋಳಿಗೆ ಸರಿ, ಏಕೆಂದರೆ ಎರಡೂ ಫ್ರಿಜ್ ಬೇಡುವುದಿಲ್ಲ ಮತ್ತು ಪಾರ್ಸೆಲ್ಲಿನಲ್ಲಿ ಎರಡು ದಿನ ತಡವಾದರೂ ಕೆಡುವುದಿಲ್ಲ. ನಮ್ಮ ಊರಿನಲ್ಲೇ ಇರುವ, ಮುಂದಿನ ಹಲ್ಲುಗಳಷ್ಟೇ ಉಳಿದಿರುವ ದೊಡ್ಡಮ್ಮನಿಗೆ ಕುಂದಾ ಸರಿ. ಕುಂದಾ ಹಾಲಿನ ಪದಾರ್ಥವಾದ್ದರಿಂದ ಅರ್ಧ ದಿನಕ್ಕಿಂತ ಹೆಚ್ಚಿನ ಪ್ರಯಾಣಕ್ಕೆ ಅದನ್ನು ಕೊಡಬಾರದು ಎಂಬುದು ನನ್ನ ಕಟ್ಟುನಿಟ್ಟಿನ ನಿಯಮ. ಇಲ್ಲಿಂದ ವಿಜಯಪುರಕ್ಕೆ ಬೆಳಗಿನ ಬಸ್ಸಿನಲ್ಲಿ ಯಾರಾದರೂ ಕೈಯಲ್ಲಿ ಒಯ್ಯುವುದಾದರೆ ಕೊಡುತ್ತೇನೆ, ಪಾರ್ಸೆಲ್ ಹಾಕುವುದಾದರೆ ಕೊಡುವುದಿಲ್ಲ.

ಸಕ್ಕರೆ ಕಾಯಿಲೆ ಇರುವವರ ಬಗ್ಗೆ ಒಂದು ಮಾತನ್ನು ಸ್ಪಷ್ಟವಾಗಿ ಹೇಳಲೇಬೇಕು. "ಇದಕ್ಕೆ ಸಕ್ಕರೆ ಹಾಕಿಲ್ಲ, ಬೆಲ್ಲ ಹಾಕಿದ್ದೇವೆ, ತಿನ್ನಿರಿ" ಎಂದು ಒತ್ತಾಯಿಸುವುದು ನಮ್ಮ ಕಡೆ ಬಹಳ. ಬೆಲ್ಲವೂ ಕಬ್ಬಿನ ಹಾಲಿನದೇ, ಅದರಲ್ಲಿಯೂ ಬಹುಪಾಲು ಇರುವುದು ಅದೇ ಸಕ್ಕರೆ, ರಕ್ತದಲ್ಲಿ ಅದು ಏರುವ ರೀತಿಯೂ ಹೆಚ್ಚು ಬೇರೆಯಲ್ಲ. ಅಂಥವರ ಡಬ್ಬಿಗೆ ನಾವು ತುಪ್ಪದಲ್ಲಿ ಹುರಿದ ಬಾದಾಮಿ, ಗೋಡಂಬಿ, ಕೊಬ್ಬರಿಯ ತೆಳು ಹೋಳು ಮತ್ತು ಹುರಿದ ಶೇಂಗಾವನ್ನು ಸ್ವಲ್ಪ ಉಪ್ಪು, ಜೀರಿಗೆ ಪುಡಿಯೊಂದಿಗೆ ಕಲಸಿ ತುಂಬುತ್ತೇವೆ. ಹಬ್ಬದ ದಿನ ಅವರಿಗೂ ತೆರೆಯಲು ಒಂದು ಡಬ್ಬಿ ಇರುತ್ತದೆ, ಬೇಡ ಎನ್ನುವ ಸಂಕಟ ಇರುವುದಿಲ್ಲ.

ದಿನಗಳ ಲೆಕ್ಕ

ನೀರು ತುಂಬುವ ಹಬ್ಬವನ್ನು ಮೂಲವಾಗಿಟ್ಟುಕೊಂಡು ಹಿಂದಕ್ಕೆ ಎಣಿಸಬೇಕು. ಹತ್ತು ದಿನ ಮುಂಚೆ ಸಾಮಾನು ತಂದು ಸ್ವಚ್ಛಮಾಡಿ ಬಿಸಿಲಿಗೆ ಹಾಕುವುದು, ಏಳೆಂಟು ದಿನ ಮುಂಚೆ ಕರದಂಟು, ನಾಲ್ಕೈದು ದಿನ ಮುಂಚೆ ಶೇಂಗಾ ಹೋಳಿಗೆ, ಹಿಂದಿನ ದಿನ ಕುಂದಾ. ಬಾಳಿಕೆ ಹೆಚ್ಚಿರುವುದನ್ನು ಮೊದಲು, ಕಡಿಮೆ ಇರುವುದನ್ನು ಕೊನೆಗೆ ಮಾಡುವ ಈ ಕ್ರಮವನ್ನು ತಪ್ಪಿಸಿದರೆ, ಚಕ್ಕಲಿ, ಅವಲಕ್ಕಿ ಎಂದು ಉಳಿದ ಫರಾಳದ ಕೆಲಸವೂ ಮನೆ ಬಳಿಯುವ ಕೆಲಸವೂ ಒಂದೇ ದಿನ ತಲೆಯ ಮೇಲೆ ಬೀಳುತ್ತವೆ. ದೂರದ ಪಾರ್ಸೆಲ್‌ಗಳನ್ನು ಹೋಳಿಗೆಯಾದ ಮರುದಿನವೇ ಕಳುಹಿಸಿದರೆ ಹಬ್ಬದ ಮುನ್ನಾದಿನದ ನೂಕುನುಗ್ಗಲೂ ತಪ್ಪುತ್ತದೆ.

ಕರದಂಟು: 30 ಗ್ರಾಮಿನ 40 ಉಂಡಿಗಳು

ಕರಿದ ಅಂಟು, ಅಂದರೆ ತುಪ್ಪದಲ್ಲಿ ಕರಿದ ಜಾಲಿ ಮರದ ಗೋಂದು, ಎಂಬುದೇ ಕರದಂಟು ಆಗಿದೆ. ಬೆಳಗಾವಿ ಜಿಲ್ಲೆಯ ಗೋಕಾಕ ಮತ್ತು ನಮ್ಮ ಬಾಗಲಕೋಟೆ ಜಿಲ್ಲೆಯ ಅಮೀನಗಡ ಎರಡೂ ಇದಕ್ಕೆ ಹೆಸರಾದ ಊರುಗಳು. ಅಂಗಡಿಯ ಕರದಂಟು ತಟ್ಟೆಯಲ್ಲಿ ಹರಡಿ ಕತ್ತರಿಸಿದ್ದಾಗಿರುತ್ತದೆ. ಉಡುಗೊರೆಗೆ ನಾನು ಅದನ್ನು ಉಂಡಿಯಾಗಿ ಕಟ್ಟುತ್ತೇನೆ, ಏಕೆಂದರೆ ಕತ್ತರಿಸಿದ ಅಂಚು ಗಾಳಿಗೆ ಬೇಗ ಅಂಟಂಟಾಗುತ್ತದೆ, ಉಂಡಿಯ ಮೈ ಹಾಗಾಗುವುದು ನಿಧಾನ.

ಬೇಕಾಗುವುದು: ಅಂಟು 100 ಗ್ರಾಂ, ಒಣಕೊಬ್ಬರಿ 200 ಗ್ರಾಂ, ಬೀಜ ತೆಗೆದ ಉತ್ತತ್ತಿ 150 ಗ್ರಾಂ, ಗೋಡಂಬಿ, ಬಾದಾಮಿ, ಒಣದ್ರಾಕ್ಷಿ ತಲಾ 100 ಗ್ರಾಂ, ಗಸಗಸೆ 2 ದೊಡ್ಡ ಚಮಚ, ಬೆಲ್ಲ 400 ಗ್ರಾಂ, ತುಪ್ಪ 150 ಗ್ರಾಂ, ಏಲಕ್ಕಿ ಪುಡಿ 1 ಸಣ್ಣ ಚಮಚ, ಕಾಲು ಜಾಜಿಕಾಯಿಯ ಪುಡಿ.

ಕೊಳ್ಳುವಾಗ ಅಂಟಿನ ಬಗ್ಗೆ ಎಚ್ಚರಿಕೆ ಬೇಕು. ತಿಳಿ ಹಳದಿಯ, ಬೆಳಕಿಗೆ ಹಿಡಿದರೆ ಪಾರದರ್ಶಕವಾಗಿ ಕಾಣುವ ಜಾಲಿಯ ಅಂಟು ನಮಗೆ ಬೇಕಾದದ್ದು. ಗೋಂದ್ ಕತೀರಾ ಎಂದು ಮಾರುವ ಬಿಳಿಯ ಅಂಟು ನೀರಿನಲ್ಲಿ ಉಬ್ಬುತ್ತದೆಯೇ ಹೊರತು ತುಪ್ಪದಲ್ಲಿ ಅರಳುವುದಿಲ್ಲ. ಹೆಸರು ಹೇಳಿ ಕೇಳದಿದ್ದರೆ ಕೆಲವೊಮ್ಮೆ ಅದನ್ನೇ ಕಟ್ಟಿ ಕೊಡುತ್ತಾರೆ. ಒಣದ್ರಾಕ್ಷಿಗೆ ವಿಜಯಪುರದ್ದು ನಮಗೆ ಹತ್ತಿರ ಮತ್ತು ರುಚಿಯಲ್ಲೂ ಮೇಲು, ಆದರೆ ಅದನ್ನು ತೊಳೆದು ಬಟ್ಟೆಯ ಮೇಲೆ ಹರಡಿ ಪೂರ್ತಿ ಒಣಗಿಸಿಯೇ ಬಳಸಬೇಕು. ಬೆಲ್ಲ ಮಹಾಲಿಂಗಪುರದ ಪೇಟೆಯಿಂದ ಬಂದದ್ದಾದರೆ ಸಂತೋಷ. ಎಲ್ಲಿಯದೇ ಆಗಲಿ, ತೀರ ಬೆಳ್ಳಗಿರುವ ಬೆಲ್ಲಕ್ಕಿಂತ ಕಂದು ಬಣ್ಣದ, ಒಡೆದರೆ ಒಳಗೆ ಹರಳು ಕಾಣುವ ಬೆಲ್ಲವನ್ನು ಆರಿಸಿರಿ.

ಮೊದಲ ಕೆಲಸ ಅಂಟನ್ನು ಒಡೆಯುವುದು. ದೊಡ್ಡ ಗಟ್ಟಿಗಳನ್ನು ಕಲ್ಲಿನಿಂದ ಕುಟ್ಟಿ, ಎಲ್ಲವೂ ಕಡಲೆಯ ಗಾತ್ರಕ್ಕೆ ಬರುವಂತೆ ಮಾಡಿ, ಅರ್ಧ ದಿನ ಬಿಸಿಲಿಗೆ ಇಡಬೇಕು. ಗಾತ್ರ ಸಮನಾಗಿರದಿದ್ದರೆ ಸಣ್ಣವು ಕಪ್ಪಾಗುವ ಹೊತ್ತಿಗೆ ದೊಡ್ಡವು ಒಳಗೆ ಹಸಿಯಾಗಿಯೇ ಉಳಿಯುತ್ತವೆ. ಬಾಣಲೆಯಲ್ಲಿ ತುಪ್ಪ ಕಾಯಿಸಿ, ಒಂದು ಹರಳನ್ನು ಹಾಕಿ ನೋಡಿರಿ. ಅದು ತಳಕ್ಕೆ ಹೋಗಿ ಒಂದು ಕ್ಷಣದಲ್ಲಿ ಮೇಲೆದ್ದು ಅರಳಿದರೆ ಕಾವು ಸರಿಯಾಗಿದೆ. ಮಧ್ಯಮ ಉರಿಯಲ್ಲಿ, ನಾಲ್ಕು ಸಲಕ್ಕೆ ಹಂಚಿ, ಜೋಳದ ಅರಳಿನಂತೆ ಬೆಳ್ಳಗೆ ಉಬ್ಬುವವರೆಗೆ ಕರಿಯಿರಿ. ಪ್ರತಿ ಸಲವೂ ಒಂದು ಕಾಳನ್ನು ತೆಗೆದು, ಆರಿದ ಮೇಲೆ ಬೆರಳುಗಳ ನಡುವೆ ಒತ್ತಬೇಕು. ಅದು ಸದ್ದು ಮಾಡುತ್ತ ಪುಡಿಯಾಗಿ, ಒಳಗೂ ಹೊರಗಿನಷ್ಟೇ ಬೆಳ್ಳಗೆ ಗೂಡುಗೂಡಾಗಿ ಕಂಡರೆ ಬೆಂದಿದೆ. ನಡುವೆ ಸಾಸಿವೆಯಷ್ಟು ಗಾಜಿನಂಥ ಹರಳು ಉಳಿದಿದ್ದರೂ ಬೆಂದಿಲ್ಲ, ಆ ಸಾಸಿವೆಯಷ್ಟೇ ನಾಳೆ ತಿನ್ನುವವರ ಹಲ್ಲಿಗೆ ಮೇಣದಂತೆ ಮೆತ್ತಿಕೊಳ್ಳುತ್ತದೆ. ಇದೊಂದು ಪರೀಕ್ಷೆಯನ್ನು ಮಾಡದೆ ಬಿಟ್ಟರೆ ಉಳಿದ ಶ್ರಮವೆಲ್ಲ ವ್ಯರ್ಥ.

ಕರಿದ ಅಂಟನ್ನು ಬಟ್ಟಲಿನ ತಳದಿಂದ ಒತ್ತಿ ಅರ್ಧದಷ್ಟು ಮಾತ್ರ ಪುಡಿಮಾಡಿ, ಉಳಿದರ್ಧವನ್ನು ಇಡಿಯಾಗಿಯೇ ಬಿಡಿ. ಮಿಕ್ಕ ತುಪ್ಪದಲ್ಲಿ ಸಣ್ಣಗೆ ಹೆಚ್ಚಿದ ಬಾದಾಮಿ, ಗೋಡಂಬಿ, ಉತ್ತತ್ತಿಗಳನ್ನು ಕ್ರಮವಾಗಿ ಹುರಿದು, ದ್ರಾಕ್ಷಿ ಉಬ್ಬಿದೊಡನೆ ತೆಗೆಯಿರಿ. ಕೊಬ್ಬರಿಯ ತುರಿಯನ್ನು ಬರೀ ಬಾಣಲೆಯಲ್ಲಿ ಬಿಸಿಯಾಗುವಷ್ಟು ಮಾತ್ರ ಹುರಿಯಬೇಕು, ಕೆಂಪಾದರೆ ಕಟುವಾಗುತ್ತದೆ. ಗಸಗಸೆ ಚಟಪಟ ಎಂದೊಡನೆ ಇಳಿಸಿ. ಎಲ್ಲವನ್ನೂ ಅಗಲವಾದ ಪರಾತದಲ್ಲಿ ಕೂಡಿಸಿ, ಏಲಕ್ಕಿ ಜಾಜಿಕಾಯಿ ಉದುರಿಸಿ ಸಿದ್ಧವಾಗಿಟ್ಟುಕೊಂಡ ಮೇಲೆಯೇ ಪಾಕಕ್ಕೆ ಕೈಹಾಕಬೇಕು, ಏಕೆಂದರೆ ಪಾಕ ನಮಗಾಗಿ ಕಾಯುವುದಿಲ್ಲ.

ಬೆಲ್ಲವನ್ನು ಪುಡಿಮಾಡಿ 4 ದೊಡ್ಡ ಚಮಚ ನೀರಿನೊಂದಿಗೆ ಕರಗಿಸಿ, ಒಮ್ಮೆ ಸೋಸಿ, ಮತ್ತೆ ಒಲೆಯ ಮೇಲಿಡಿ. ಪಕ್ಕದಲ್ಲಿ ಬಟ್ಟಲಿನಲ್ಲಿ ತಣ್ಣೀರು ಇರಲಿ. ನೊರೆ ಎದ್ದು ಮೂರ್ನಾಲ್ಕು ನಿಮಿಷವಾದ ಮೇಲೆ ಒಂದು ಹನಿಯನ್ನು ನೀರಿಗೆ ಬಿಟ್ಟು ಬೆರಳಿನಿಂದ ಕೂಡಿಸಿ ನೋಡಿರಿ. ಹನಿ ನೀರಿನಲ್ಲಿ ಹರಡಿದರೆ ಇನ್ನೂ ಬೇಯಬೇಕು. ಮೆತ್ತನೆಯ ಗುಂಡಾಗಿ ಕೂಡಿಬಂದು, ಒತ್ತಿದರೆ ಚಪ್ಪಟೆಯಾದರೆ ಉಂಡಿಗೆ ಸರಿಯಾದ ಪಾಕ. ಬಟ್ಟಲಿಗೆ ಬಡಿದರೆ ಟಣ್ ಎನ್ನುವಷ್ಟು ಗಟ್ಟಿಯಾದರೆ ಅದು ಶೇಂಗಾ ಚಿಕ್ಕಿಯ ಪಾಕ, ಕರದಂಟಿಗೆ ಆಗದು. ಹಾಗೆ ಮೀರಿದರೆ ಗಾಬರಿ ಬೇಡ, 2 ಚಮಚ ಬಿಸಿನೀರು ಹಾಕಿ ಮತ್ತೆ ಕರಗಿಸಿ ಮೊದಲಿನಿಂದ ಪರೀಕ್ಷಿಸಬಹುದು. ಪಾಕವನ್ನು ಪರಾತಕ್ಕೆ ಸುರಿದು ಸೌಟಿನಿಂದ ಚೆನ್ನಾಗಿ ಕಲಸಿ, ಐದು ನಿಮಿಷ ಬಿಟ್ಟು, ಅಂಗೈಗೆ ತುಪ್ಪ ಸವರಿಕೊಂಡು ನಿಂಬೆಹಣ್ಣಿನ ಗಾತ್ರದ ಉಂಡಿ ಕಟ್ಟಿರಿ. ಇಬ್ಬರು ಕುಳಿತರೆ ಸುಲಭ. ಮಿಶ್ರಣ ಗಟ್ಟಿಯಾಗುತ್ತ ಬಂದರೆ ಪರಾತವನ್ನೇ ಒಂದು ನಿಮಿಷ ಸಣ್ಣ ಉರಿಯ ಮೇಲೆ ಹಿಡಿದರೆ ಮತ್ತೆ ಬಗ್ಗುತ್ತದೆ.

ಉಂಡಿಗಳನ್ನು ಮೂರು ಗಂಟೆ ಫ್ಯಾನಿನ ಗಾಳಿಯಿಲ್ಲದ ಕಡೆ ಆರಲು ಬಿಟ್ಟು, 12 ಸೆಂಟಿಮೀಟರ್ ಚೌಕದ ಬಟರ್ ಪೇಪರಿನಲ್ಲಿ ಒಂದೊಂದನ್ನೇ ಸುತ್ತಿ ಎರಡೂ ತುದಿ ತಿರುಚಿರಿ. ಹೀಗೆ ಸುತ್ತಿದ್ದು ಮುಚ್ಚಿದ ಡಬ್ಬಿಯಲ್ಲಿ ಮೂರು ವಾರ ಚೆನ್ನಾಗಿರುತ್ತದೆ. ಹಳೆಯ ಪತ್ರಿಕೆಯ ಹಾಳೆಯನ್ನು ಮಾತ್ರ ಯಾವ ತಿಂಡಿಗೂ ಬಳಸಬೇಡಿ. ಮುದ್ರಣದ ಶಾಯಿ ತುಪ್ಪ ಎಣ್ಣೆಯೊಂದಿಗೆ ಆಹಾರಕ್ಕೆ ಇಳಿಯುತ್ತದೆಂದು ಭಾರತೀಯ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರ 2016ರಲ್ಲಿಯೂ 2023ರಲ್ಲಿಯೂ ಎಚ್ಚರಿಸಿದೆ.

ಶೇಂಗಾ ಹೋಳಿಗೆ: ಅಂಗೈಯಗಲದ 22

ಬುತ್ತಿ ಕಟ್ಟಿಕೊಂಡು ದೂರ ಹೋಗುವವರಿಗೆ ನಮ್ಮ ಸೀಮೆಯಲ್ಲಿ ಶೇಂಗಾ ಹೋಳಿಗೆಗಿಂತ ನಂಬಿಗಸ್ತ ಸಿಹಿ ಇನ್ನೊಂದಿಲ್ಲ. ಹೂರಣಕ್ಕೆ ನೀರು ತಾಗುವುದಿಲ್ಲ ಎಂಬುದೇ ಅದರ ಬಾಳಿಕೆಯ ಗುಟ್ಟು. ಊಟಕ್ಕೆ ಮಾಡುವಷ್ಟು ಅಗಲ ಮಾಡದೆ, 10 ಸೆಂಟಿಮೀಟರಿಗೆ ನಿಲ್ಲಿಸಿದರೆ ಡಬ್ಬಿಯಲ್ಲಿ ಮಡಚದೆ ಕೂರುತ್ತದೆ.

300 ಗ್ರಾಂ ಶೇಂಗಾವನ್ನು ಸಣ್ಣ ಉರಿಯಲ್ಲಿ 12ರಿಂದ 15 ನಿಮಿಷ, ಸಿಪ್ಪೆ ತಾನಾಗಿ ಬಿರಿಯುವವರೆಗೆ ಹುರಿಯಿರಿ. ಅವಸರಕ್ಕೆ ಉರಿ ಏರಿಸಿದರೆ ಮೈಮೇಲೆ ಕಪ್ಪು ಚುಕ್ಕೆ ಬಂದು ಒಳಗೆ ಹಸಿ ವಾಸನೆ ಉಳಿಯುತ್ತದೆ, ಅಂಥ ಹೂರಣ ವಾರದೊಳಗೆ ಮುಗ್ಗಲು ಹಿಡಿಯುತ್ತದೆ. ಆರಿದ ಮೇಲೆ ಉಜ್ಜಿ, ಮೊರದಲ್ಲಿ ಕೇರಿ ಸಿಪ್ಪೆ ಹಾರಿಸಿ, ಹುರಿದ ಬಿಳಿ ಎಳ್ಳು 2 ಚಮಚ ಸೇರಿಸಿ, ಮಿಕ್ಸರಿನಲ್ಲಿ ನಿಲ್ಲಿಸಿ ನಿಲ್ಲಿಸಿ ಪುಡಿಮಾಡಿ. ಒಂದೇ ಸಮನೆ ತಿರುಗಿಸಿದರೆ ಎಣ್ಣೆ ಬಿಟ್ಟು ಮುದ್ದೆಯಾಗುತ್ತದೆ. 250 ಗ್ರಾಂ ತುರಿದ ಬೆಲ್ಲ, ಏಲಕ್ಕಿ, ಚಿಟಿಕೆ ಜಾಜಿಕಾಯಿ ಹಾಕಿ ಮತ್ತೆ ಒಂದೆರಡು ಸುತ್ತು ತಿರುವಿದರೆ ಸಾಕು, ಹಿಡಿಯಲ್ಲಿ ಒತ್ತಿದಾಗ ಉಂಡೆ ನಿಲ್ಲುತ್ತದೆ.

ಕಣಕಕ್ಕೆ 200 ಗ್ರಾಂ ಗೋಧಿ ಹಿಟ್ಟು, 50 ಗ್ರಾಂ ಚಿರೋಟಿ ರವೆ, ಚಿಟಿಕೆ ಉಪ್ಪು, 2 ದೊಡ್ಡ ಚಮಚ ಕಾಯಿಸಿದ ಎಣ್ಣೆ. ಚಪಾತಿಯ ಹಿಟ್ಟಿಗಿಂತ ತುಸು ಮೆತ್ತಗೆ ನಾದಿ ಒಂದು ಗಂಟೆ ಮುಚ್ಚಿಡಿ. ಕಣಕಕ್ಕಿಂತ ಹೂರಣದ ಉಂಡೆ ಸ್ವಲ್ಪ ದೊಡ್ಡದಿರಲಿ. ಹೂರಣ ತುಂಬಿ, ಬಾಯಿ ಮುಚ್ಚಿ, ಒಣ ಹಿಟ್ಟಿನ ಮೇಲೆ ಅಂಚಿನ ಕಡೆಗೆ ಒತ್ತು ಕೊಟ್ಟು ಲಟ್ಟಿಸಿ, ಹಂಚಿನ ಮೇಲೆ ಎಣ್ಣೆ ತುಪ್ಪ ಹಾಕದೆ ಸಣ್ಣ ಉರಿಯಲ್ಲಿ ಎರಡೂ ಬದಿ ಬೇಯಿಸಿ. ಊಟಕ್ಕೆ ಮಾಡುವಾಗ ಮೆತ್ತಗಿರುವಾಗಲೇ ತೆಗೆಯುತ್ತೇವೆ. ಕಟ್ಟಿ ಕಳುಹಿಸುವುದಾದರೆ ಅಂಚು ಗರಿಗರಿಯಾಗುವವರೆಗೆ ಇನ್ನೊಂದು ನಿಮಿಷ ಬಿಡಬೇಕು. ಬಟ್ಟೆಯ ಮೇಲೆ ಬಿಡಿಬಿಡಿಯಾಗಿ ಹರಡಿ ಪೂರ್ತಿ ಆರಿದ ಮೇಲೆ, ನಡುನಡುವೆ ಬಟರ್ ಪೇಪರ್ ಇಟ್ಟು ನಾಲ್ಕು ನಾಲ್ಕರಂತೆ ಕಟ್ಟಿರಿ. ಹದಿನೈದು ದಿನಕ್ಕೆ ಚಿಂತೆಯಿಲ್ಲ. ತಿನ್ನುವಾಗ ಮೇಲೆ ತುಪ್ಪ ಹಾಕಿಕೊಳ್ಳಿರೆಂದು ಚೀಟಿಯಲ್ಲಿ ಬರೆಯುವುದು ಮರೆಯಬಾರದು.

ಕುಂದಾ: 60 ಗ್ರಾಮಿನ 12 ಡಬ್ಬಿಗಳು

ಬೆಳಗಾವಿಯ ಕುಂದಾ ಎಂದರೆ ತಾಳ್ಮೆಯ ಕೆಲಸ, ಮನೆಯಲ್ಲಿ ಮಾಡಿದರೆ ಇದಕ್ಕೆ ಒಂದೂವರೆ ಗಂಟೆ ಬೇಕು. 2 ಲೀಟರ್ ಎಮ್ಮೆಯ ಹಾಲು, 100 ಗ್ರಾಂ ತುಸು ಹುಳಿಯಾದ ಗಟ್ಟಿ ಮೊಸರು, 225 ಗ್ರಾಂ ಸಕ್ಕರೆ, ಏಲಕ್ಕಿ ಸಾಕು. ಹಲವರು ಖೋವಾ ಸೇರಿಸುತ್ತಾರೆ. ಪಾಕೆಟ್ಟಿನ ತೆಳು ಹಾಲಾದರೆ 150 ಗ್ರಾಂ ಖೋವಾ ಬೇಕಾಗಬಹುದು, ಒಳ್ಳೆಯ ಎಮ್ಮೆಯ ಹಾಲಿಗೆ ಬೇಕಿಲ್ಲ ಎಂಬುದು ನನ್ನ ಅನುಭವ.

ದಪ್ಪ ತಳದ, ಅಗಲ ಬಾಯಿಯ ಪಾತ್ರೆಯಲ್ಲಿ ಹಾಲನ್ನು ಕುದಿಸಿ, ಅದು ಅರ್ಧಕ್ಕೆ ಇಳಿಯುವವರೆಗೆ ಆಗಾಗ ತಳ ಕೆರೆಯುತ್ತ ಕೈಯಾಡಿಸಿರಿ. ಬದಿಗೆ ಹತ್ತಿದ ಕೆನೆಯನ್ನು ಒಳಕ್ಕೆ ತಳ್ಳುತ್ತಿರಬೇಕು. ಈಗ ಕಡೆದ ಮೊಸರನ್ನು ಸುತ್ತಲೂ ಹಾಕಿ, ಒಂದು ನಿಮಿಷ ಕೈಯಾಡಿಸದೆ ಬಿಡಿ. ಮೊಸರಿನ ಹುಳಿಗೆ ಹಾಲು ಒಡೆದು ಸಣ್ಣ ಕಾಳುಗಳಾಗುತ್ತವೆ, ಕುಂದಾದ ಮರಳುಮರಳು ಮೈ ಹುಟ್ಟುವುದು ಇಲ್ಲಿಯೇ. ತಕ್ಷಣ ಜೋರಾಗಿ ತಿರುವಿದರೆ ಕಾಳು ನುರಿದು ಬಾಸುಂದಿಯಂತಾಗುತ್ತದೆ.

ನೀರಿನಂಶ ಬಹುಪಾಲು ಇಂಗಿ ಕಾಳುಗಳು ಒಟ್ಟಾಗತೊಡಗಿದಾಗ ಸಕ್ಕರೆಯ ಮೂರು ಪಾಲನ್ನು ಹಾಕಿ, ಉಳಿದ ಒಂದು ಪಾಲನ್ನು ಬೇರೆ ಸಣ್ಣ ಪಾತ್ರೆಯಲ್ಲಿ ನೀರಿಲ್ಲದೆ ಕರಗಿಸಿ. ಅದು ಜೇನಿನ ಬಣ್ಣಕ್ಕೆ ಬಂದು ಇನ್ನೇನು ಹೊಗೆಯಾಡಬೇಕು ಎನ್ನುವಾಗ ಇಳಿಸಿ ಕುಂದಾಕ್ಕೆ ಸುರಿಯಿರಿ. ಆ ಕ್ಷಣ ಬುಸ್ಸೆಂದು ಉಕ್ಕುತ್ತದೆ, ಮುಖ ಹಿಂದಕ್ಕಿರಲಿ, ಮಕ್ಕಳು ಒಲೆಯ ಹತ್ತಿರ ಇರಬಾರದು. ಬಣ್ಣ ಮತ್ತು ಆ ಸಣ್ಣ ಕಹಿ ಎರಡೂ ಇದರಿಂದಲೇ ಬರುತ್ತವೆ. ಮುಂದಿನ ಹತ್ತು ನಿಮಿಷ ಪಾತ್ರೆಯನ್ನು ಬಿಟ್ಟು ಕದಲಬಾರದು. ಮೊದಲು ಗುಳುಗುಳು ಎನ್ನುವ ಗುಳ್ಳೆಗಳು ನಿಧಾನವಾಗಿ ದಪ್ಪಗಾಗಿ ಒಂದೊಂದಾಗಿ ಪುಸ್ ಎಂದು ಒಡೆಯತೊಡಗುತ್ತವೆ, ಸೌಟು ಎಳೆದ ದಾರಿಯಲ್ಲಿ ಪಾತ್ರೆಯ ತಳ ಎರಡು ಕ್ಷಣ ಕಾಣುತ್ತದೆ. ಆಗ ಇಳಿಸಬೇಕು. ಇನ್ನೂ ಸಡಿಲವಿದೆ ಅನಿಸಿದರೂ ಇಳಿಸಿ, ಆರಿದಂತೆ ಅದು ಬಿಗಿಯುತ್ತದೆ.

ಡಬ್ಬಿಗೆ ತುಂಬುವುದರಲ್ಲಿ ನನ್ನಿಂದ ಒಮ್ಮೆ ದೊಡ್ಡ ತಪ್ಪಾಯಿತು. ರಾತ್ರಿ ಹನ್ನೊಂದಕ್ಕೆ ಮುಗಿದ ಕುಂದಾವನ್ನು ಬಿಸಿಯಿರುವಾಗಲೇ ತುಂಬಿ ಮುಚ್ಚಳ ಹಾಕಿ ಮಲಗಿದೆ. ಬೆಳಿಗ್ಗೆ ಮುಚ್ಚಳದ ಒಳಮೈಯಲ್ಲಿ ಬೆವರಿನಂತೆ ನೀರು ನಿಂತಿತ್ತು, ಆ ಹನಿಗಳು ಬಿದ್ದ ಕಡೆ ಮರುದಿನವೇ ಹುಳಿ ವಾಸನೆ. ಹನ್ನೆರಡರಲ್ಲಿ ಒಂದನ್ನೂ ಕೊಡಲಾಗಲಿಲ್ಲ, ಹಬ್ಬದ ದಿನ ಬರಿಗೈಯಲ್ಲಿ ಹೋದ ಆ ನೋವು ಇನ್ನೂ ನೆನಪಿದೆ. ಆದ್ದರಿಂದ ಅಗಲ ತಟ್ಟೆಯಲ್ಲಿ ಹರಡಿ, ಉಗುರುಬೆಚ್ಚಗಾದ ಮೇಲೆ ಪೂರ್ತಿ ಒಣಗಿದ ಡಬ್ಬಿಗಳಿಗೆ ತುಂಬಿ, ತೆಳು ಬಟ್ಟೆ ಹೊದಿಸಿ ಪೂರ್ತಿ ಆರಿಸಿ, ಕೊನೆಗೆ ಮುಚ್ಚಳ ಹಾಕಿ ಫ್ರಿಜ್ಜಿನಲ್ಲಿಡಿ. ಹೊರಗೆ ಒಂದು ದಿನ, ಫ್ರಿಜ್ಜಿನಲ್ಲಿ ಐದಾರು ದಿನ ಇದರ ಆಯುಷ್ಯ.

ಪಾತ್ರೆಯ ವಿಷಯದಲ್ಲಿ ನಾನು 100 ಮಿಲಿಲೀಟರಿನ ಸಣ್ಣ ಸ್ಟೀಲ್ ಡಬ್ಬಿಯನ್ನೇ ಮೆಚ್ಚುತ್ತೇನೆ. ಮಣ್ಣಿನ ಕುಡಿಕೆ ನೋಡಲು ಚೆಂದ, ಆದರೆ ಅದು ತುಪ್ಪವನ್ನೂ ತೇವವನ್ನೂ ಹೀರಿ ಕುಂದಾವನ್ನು ಒಣಗಿಸುತ್ತದೆ. ಅಂದೇ ತಿನ್ನುವುದಿದ್ದರೆ ಮಾತ್ರ ಅದು ಆದೀತು. ಪ್ಲಾಸ್ಟಿಕ್ ಬೇಡ. ಸ್ಟೀಲ್ ಡಬ್ಬಿ ಹೋದೀತೆಂದು ಅಳುಕುವ ಕಾರಣವೂ ಇಲ್ಲ, ಏಕೆಂದರೆ ನಮ್ಮ ಮನೆಗಳಲ್ಲಿ ಡಬ್ಬಿಯನ್ನು ಬರಿದಾಗಿ ಹಿಂತಿರುಗಿಸುವ ರೂಢಿಯಿಲ್ಲ. ಹೋದ ವರ್ಷ ಅಕ್ಕನ ಮನೆಯಿಂದ ಒಂದರಲ್ಲಿ ಶೇಂಗಾ ಹಿಂಡಿ (ಶೇಂಗಾ ಚಟ್ನಿಪುಡಿ), ಇನ್ನೊಂದರಲ್ಲಿ ಕೆಂಪು ಖಾರ ತುಂಬಿ ಬಂದವು.

ಚೀಟಿ ಮತ್ತು ಪ್ರಯಾಣ

ಪ್ರತಿ ಡಬ್ಬಿಗೂ ಕೈಬರಹದ ಚೀಟಿ ಇರಲಿ: ಹೆಸರು, ಮಾಡಿದ ದಿನ, ಯಾವ ದಿನದೊಳಗೆ ತಿನ್ನಬೇಕು, ಒಳಗೆ ಶೇಂಗಾ ಅಥವಾ ಗೋಡಂಬಿ ಇದೆಯೇ. ಶೇಂಗಾ ಆಗಿಬರದ ಮಗು ಯಾವ ಮನೆಯಲ್ಲಿದೆ ಎಂಬುದು ನಮಗೆ ಗೊತ್ತಿದ್ದರೂ, ಆ ಮನೆಗೆ ಆಡಲು ಬಂದ ಪಕ್ಕದ ಮನೆಯ ಮಗುವಿನದು ಗೊತ್ತಿರುವುದಿಲ್ಲ. ಹೆಸರನ್ನು ಪೂರ್ಣವಾಗಿ ಬರೆಯುವುದಕ್ಕಿಂತ ಮನೆಯಲ್ಲಿ ಕರೆಯುವಂತೆಯೇ ಬರೆಯಿರಿ: ಸಣ್ಣ ಕಾಕಾ, ಬೆಳಗಾವಿ ಅತ್ತಿ, ಪುಟ್ಟಿ.

ಚೀಲದಲ್ಲಿ ಕರದಂಟಿನ ಡಬ್ಬಿಗಳನ್ನು ತಳಕ್ಕೆ, ಅದರ ಮೇಲೆ ಕುಂದಾ, ಎಲ್ಲಕ್ಕೂ ಮೇಲೆ ಹೋಳಿಗೆ ಇಡಬೇಕು. ಭಾರ ಬಿದ್ದರೆ ಮುರಿಯುವುದು ಹೋಳಿಗೆ ಒಂದೇ. ಕುಂದಾದ ಡಬ್ಬಿಗಳನ್ನು ಫ್ರಿಜ್ಜಿನಿಂದ ತೆಗೆದೊಡನೆ ಎರಡು ಪದರದ ದಪ್ಪ ಬಟ್ಟೆಯಲ್ಲಿ ಒತ್ತೊತ್ತಾಗಿ ಕಟ್ಟಿದರೆ ಮೂರ್ನಾಲ್ಕು ಗಂಟೆ ತಂಪು ಉಳಿಯುತ್ತದೆ. ಬಸ್ಸಿನಲ್ಲಿ ಚೀಲವನ್ನು ಎಂಜಿನ್ನಿನ ಬದಿಗೆ ಇಡದೆ ಕಾಲ ಬಳಿಯೇ ಇಟ್ಟುಕೊಳ್ಳಿ. ತಲುಪಿದ ಮನೆಯಲ್ಲಿ ಡಬ್ಬಿಗಳನ್ನು ಹಿರಿಯರ ಕೈಗೆ ಒಟ್ಟಿಗೆ ಒಪ್ಪಿಸದೆ, ಹೆಸರು ಓದಿ ಒಬ್ಬೊಬ್ಬರ ಕೈಗೇ ಕೊಡಿರಿ, ಅಡುಗೆಮನೆಯಲ್ಲಿರುವವರನ್ನು ಮೊದಲು ಹೊರಗೆ ಕರೆದು.